ಕೆಳಗಿನ ಮನೆಯ ಮಾಷ್ ಓದಿದ ಚೀಟಿ

ಅರವತ್ತು ದಾಟಿದ, ಮಂಡಿನೋವಿನ, ನಮ್ಮ ಮನೆಗೆ ಬರಬೇಕಾದರೆ ಮೆಟ್ಟಿಲಲ್ಲಿ ಎರಡು ಸಲ ನಿಂತು ಸುಧಾರಿಸಿಕೊಳ್ಳುವ ನಿವೃತ್ತ ಗಣಿತದ ಮೇಷ್ಟರೊಬ್ಬರ ಮೇಲೆ ನನಗೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ಇತ್ತು ಎಂದು ಬರೆದರೆ ಮುಗಿದುಹೋದ ಹಾಗೆ ಕೇಳಿಸುತ್ತದೆ. ಮುಗಿದಿಲ್ಲ. ಮನೆಯ ಕಂಪ್ಯೂಟರ್ ಅಪ್‌ಡೇಟ್ ಆಗುತ್ತಾ ಅರ್ಧದಲ್ಲಿ ಕೆಟ್ಟು ನಿಂತ ದಿನ ಅದು ಹೊತ್ತಿಕೊಂಡಿತು, ಹೊಗೆಯಾಡುತ್ತಿದ್ದದ್ದು ಮಾತ್ರ ಅದಕ್ಕೂ ಬಹಳ ಮೊದಲಿನಿಂದ.

ನನಗೆ ತಿರುವನಂತಪುರಕ್ಕೆ ವರ್ಗವಾಗಿ ಎರಡು ವರ್ಷವಾಗಿತ್ತು. ಕೇಂದ್ರ ಸರ್ಕಾರದ ಕಚೇರಿ, ವರ್ಗ ಬೇಡ ಎನ್ನುವ ಹಾಗಿಲ್ಲ. ಹೆಂಡತಿಗೆ ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸ. ನಾಲ್ಕನೆಯ ತರಗತಿಯ ಮಗಳಿಗೆ ಎಡಪ್ಪಳ್ಳಿಯಲ್ಲಿ ಶಾಲೆ. ಹಾಗಾಗಿ ಅವರಿಬ್ಬರೂ ಎಡಪ್ಪಳ್ಳಿಯ ಫ್ಲ್ಯಾಟಿನಲ್ಲೇ ಉಳಿದರು, ನಾನು ತಿರುವನಂತಪುರದಲ್ಲಿ ಒಂದು ರೂಮು ಹಿಡಿದೆ. ಶುಕ್ರವಾರ ಸಂಜೆ ರೈಲು ಹತ್ತುವುದು, ಭಾನುವಾರ ಮತ್ತೆ ಹೊರಡುವುದು. ಮೈಸೂರಿನವನಾದ ನನಗೆ ಎರಡು ಊರಿನ ಮಲಯಾಳಂ ಅಭ್ಯಾಸವಾಯಿತು, ಯಾವ ಊರೂ ನನ್ನದಾಗಲಿಲ್ಲ.

ವಾರಕ್ಕೆ ಎರಡೇ ದಿನ ಮನೆಯಲ್ಲಿರುವವನಿಗೆ ಆ ಮನೆಯಲ್ಲಿ ತನ್ನದೇ ಅಂತ ಒಂದು ಕೆಲಸವಾದರೂ ಇರಬೇಕು. ನನಗೆ ಅದು ಕಂಪ್ಯೂಟರ್. ಏಳು ವರ್ಷ ಹಳೆಯದು, ಮೇಜಿನ ಮೇಲಿಡುವಂಥದ್ದು, ಬಿಡಿಭಾಗ ಆರಿಸಿ ನಾನೇ ಜೋಡಿಸಿದ್ದು. ಹೆಂಡತಿ ಐಟಿ ಪಾರ್ಕಿನಲ್ಲಿದ್ದರೂ ಅವಳದು ಕೆಲಸಕ್ಕೆ ಜನ ಆರಿಸುವ ವಿಭಾಗ. ಕಂಪನಿ ಕೊಟ್ಟ ಲ್ಯಾಪ್‌ಟಾಪಿಗಿಂತ ಆಚೆಗೆ ಅವಳು ಕೈ ಹಾಕುತ್ತಿರಲಿಲ್ಲ. ಚಿತ್ರ ಬರೆಯುವುದಕ್ಕೆ, ಶಾಲೆಯ ಪ್ರಾಜೆಕ್ಟಿಗೆ ಮಗಳು ಬಳಸಬಹುದಿತ್ತು. ಅಪ್‌ಡೇಟ್ ಎಂದು ಬಂದರೆ ಮಾತ್ರ ಯಾರೂ ಮುಟ್ಟುವಂತಿಲ್ಲ, ಶನಿವಾರ ನಾನೇ ಮಾಡಬೇಕು. ಹಾಗೆಂದು ನಾನೇ ಕಾನೂನು ಮಾಡಿದ್ದೆ.

ಆ ಕಂಪ್ಯೂಟರಿನಲ್ಲಿ ‘ಮಾತು’ ಎಂಬ ಹೆಸರಿನ ಫೋಲ್ಡರ್ ಒಂದಿತ್ತು. ಮಗಳಿಗೆ ಒಂದೂವರೆ ವರ್ಷವಾದಾಗಿನಿಂದ ನಾಲ್ಕು ತುಂಬುವವರೆಗೆ ನಾನು ಹಿಡಿದಿಟ್ಟ ಅವಳ ದನಿ. ಆಗ ಅವಳಿಗೆ ಕನ್ನಡ ಬಿಟ್ಟು ಬೇರೆ ಗೊತ್ತಿರಲಿಲ್ಲ. ಕಾಗೆಗೆ ‘ಕಾಕಪ್ಪ’ ಎನ್ನುತ್ತಿದ್ದಳು. ‘ಕತ್ತಲೆ ಯಾಕೆ ನಮ್ಮನೇಗೇ ಬರುತ್ತೆ?’ ಎಂದು ಕೇಳುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ಕನ್ನಡ ಅವಳ ಕಿವಿಯಲ್ಲಿ ಉಳಿಯಿತು, ಬಾಯಿಂದ ಹೋಯಿತು. ನಾನು ಕನ್ನಡದಲ್ಲಿ ಕೇಳಿದರೆ ಅವಳದು ಮಲಯಾಳಂ ಉತ್ತರ. ಅವಳ ಕನ್ನಡ ಎಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಡಬ್ಬಿಯೊಳಗೆ ಮಾತ್ರ, ಮತ್ತು ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎಂದು ನಾಲ್ಕು ವರ್ಷ ಕಳೆದಿದ್ದೆ.

ಹಾಗಂತ ನಾನು ಅಜಾಗರೂಕನಲ್ಲ. ಕಚೇರಿಯಲ್ಲಿ ಒಮ್ಮೆ ಮಾಹಿತಿ ಸುರಕ್ಷತೆಯ ಬಗ್ಗೆ ಭಾಷಣವಾಯಿತು. ಅದನ್ನು ಕೇಳಿ ಹೆದರಿ ಬಂದು ಡಿಸ್ಕಿಗೆ ಬೀಗ ಹಾಕಿದೆ. ಏನಾದರೂ ಎಡವಟ್ಟಾದರೆ ಯಂತ್ರ ನಲವತ್ತೆಂಟು ಅಂಕಿಯ ರಿಕವರಿ ಕೀ ಕೇಳುತ್ತದೆ, ಅದನ್ನು ಕೊಡದಿದ್ದರೆ ಒಳಗಿರುವುದೆಲ್ಲ ಹೋದಂತೆಯೇ. ನನಗೊಂದು ಅಭ್ಯಾಸವಿದೆ. ಗುಟ್ಟಿನ ಸಂಖ್ಯೆಗಳನ್ನೆಲ್ಲ ಕನ್ನಡ ಅಂಕಿಗಳಲ್ಲಿ ಬರೆದಿಡುತ್ತೇನೆ. ಡೈರಿಯನ್ನು ಕಚೇರಿಯ ಮೇಜಿನ ಮೇಲೆ ತೆರೆದಿಟ್ಟು ಕಾಫಿಗೆ ಹೋದರೂ ಭಯವಿಲ್ಲ, ಯಾರು ಓದುತ್ತಾರೆ? ಈ ನಲವತ್ತೆಂಟನ್ನೂ ಹಾಗೇ ಬರೆದೆ. ಎಂಟು ಸಾಲು, ಸಾಲಿಗೆ ಆರು. ಮೇಲೆ ‘ಶ್ರೀ’ ಎಂದು ಬರೆದು ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕಂಪ್ಯೂಟರಿನ ಹಿಂದಿನ ಗೋಡೆಗೆ ಅಂಟಿಸಿದೆ. ಮನೆಗೆಲಸಕ್ಕೆ ಬರುವ ಚೇಚಿ ಅದನ್ನು ಪೂಜೆಯ ಯಂತ್ರವೆಂದು ತಿಳಿದು ಧೂಳು ಒರೆಸುವಾಗ ಕೈಮುಗಿಯುತ್ತಿದ್ದಳು. ನಾನು ದೇವರ ಕಡೆ ತಿರುಗಿದೆನೆಂದು ಹೆಂಡತಿಯೂ ಸುಮ್ಮನಾದಳು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಇನ್ನು ಮಾಷ್. ನೆಲಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ ಇದ್ದರು. ಇಬ್ಬರೂ ನಿವೃತ್ತ ಶಿಕ್ಷಕರು, ಇಡೀ ಕಟ್ಟಡಕ್ಕೆ ಒಬ್ಬರು ಮಾಷ್, ಇನ್ನೊಬ್ಬರು ಟೀಚರ್. ಶಾಲೆ ಬಿಟ್ಟ ಮೇಲೆ ತಾಯಿ ಬರುವವರೆಗೆ ಮಗಳು ಅವರ ಮನೆಯಲ್ಲಿರುತ್ತಿದ್ದಳು. ಉಪಕಾರವೇ, ಇಲ್ಲ ಎನ್ನುವುದಿಲ್ಲ. ಆದರೆ ಶುಕ್ರವಾರ ಬಾಗಿಲು ದಾಟುವ ಮೊದಲೇ ನನ್ನ ಕಿವಿಗೆ ಬೀಳುತ್ತಿದ್ದದ್ದು ಬರೀ ಮಾಷ್. ಮಾಷ್ ಮಿಕ್ಸಿ ಬಿಚ್ಚಿ ಸರಿ ಮಾಡಿದರು, ಮಾಷ್ ಪಪ್ಪಾಯಿ ಬೀಜದಲ್ಲಿ ಲೆಕ್ಕ ಹೇಳಿಕೊಟ್ಟರು, ಮಾಷ್ ನಿವೃತ್ತಿಯಾದ ಮೇಲೆ ಕಂಪ್ಯೂಟರ್ ಕಲಿತರು, ಈಗ ಇನ್ನೂ ಏನೋ ಕಲಿಯುತ್ತಿದ್ದಾರೆ. ‘ಏನದು?’ ಎಂದರೆ ಬಾಯಿ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದಳು. ಐದು ದಿನ ಅವರಿಗೆ, ಎರಡು ದಿನ ನನಗೆ. ಆ ಎರಡು ದಿನದಲ್ಲೂ ಅವರೇ.

ನಾನೇನೂ ಪ್ರಯತ್ನ ಬಿಟ್ಟಿರಲಿಲ್ಲ. ಮೈಸೂರಿಗೆ ಹೋದಾಗ ಅ ಆ ಇ ಈ, ಕನ್ನಡ ಅಂಕಿ ತಿದ್ದುವ ಕಾಪಿ ಪುಸ್ತಕ ತಂದುಕೊಟ್ಟಿದ್ದೆ. ಅದು ಒಂದು ತಿಂಗಳಲ್ಲಿ ಮನೆಯಿಂದ ಕಾಣೆಯಾಯಿತು. ಒಂದು ಶುಕ್ರವಾರ ನಾನು ಒಳಗೆ ಕಾಲಿಟ್ಟಾಗ ಮಗಳು ಅಡುಗೆಮನೆ ಕಡೆ ತಿರುಗಿ, ‘ಅಮ್ಮಾ, ಅಪ್ಪ ಬಂತು!’ ಎಂದು ಕೂಗಿದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ಬಂದ ಕನ್ನಡ ಅದು. ನಾನು ಬ್ಯಾಗು ಇಳಿಸದೆ, ‘ಬಂತು ಅಲ್ಲ, ಬಂದರು ಅನ್ನಬೇಕು’ ಎಂದು ಮೂರು ಸಲ ಹೇಳಿಸಿದೆ. ಸಾಲದ್ದಕ್ಕೆ ಭಾನುವಾರ ಮೈಸೂರಿನ ನೆಂಟರಿಗೆಲ್ಲ ಫೋನಿನಲ್ಲಿ, ‘ಅಪ್ಪ ಬಂತಂತೆ!’ ಎಂದು ಹೇಳಿ ನಗಿಸಿದೆ. ಅವಳು ಅಲ್ಲೇ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಮುಂದಿನ ಶುಕ್ರವಾರದಿಂದ ‘ಅಪ್ಪ ವನ್ನು’ ಎಂದು ಮಲಯಾಳಂನಲ್ಲೇ ಸಾರಿದಳು. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಆ ಬುಧವಾರ ಜೋರು ಮಳೆ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹೆಂಡತಿ ಮಗಳನ್ನು ಮಾಷ್ ಮನೆಯಲ್ಲಿ ಬಿಟ್ಟು ಕಾಕ್ಕನಾಡಿಗೆ ಹೋಗಿದ್ದಳು. ಮಗಳು ಚಿತ್ರ ಬರೆಯಲು ಮೇಲೆ ಬಂದು ಕಂಪ್ಯೂಟರ್ ಹಾಕಿದ್ದಾಳೆ. ಅಪ್‌ಡೇಟ್ ಈಗ ಮಾಡಲೇ ಎಂದು ಅದು ಕೇಳಿದೆ, ಇವಳು ಹೂಂ ಎಂದು ಒತ್ತಿದ್ದಾಳೆ. ಶೇಕಡಾ ಅರವತ್ತೇಳಕ್ಕೆ ಬಂದಾಗ ಕರೆಂಟು ಹೋಯಿತು. ಮತ್ತೆ ಬಂದ ಮೇಲೆ ಕಪ್ಪು ಪರದೆ, ಸುತ್ತುವ ಚುಕ್ಕಿಗಳು, ತಾನಾಗಿ ಆರಿ ತಾನಾಗಿ ಹತ್ತಿಕೊಳ್ಳುವುದು, ಮತ್ತೆ ಚುಕ್ಕಿಗಳು.

ನನಗೆ ವಿಡಿಯೊ ಕರೆ ಬಂದದ್ದು ಮಾಷ್ ಅವರ ಫೋನಿನಿಂದ. ಮಗಳ ಮುಖ ಸಣ್ಣದಾಗಿತ್ತು. ಹಿಂದೆ ಮಾಷ್ ಬಿಳಿ ಮುಂಡು, ಬನಿಯನ್ನಿನಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ಹತ್ತು ನಿಮಿಷದಲ್ಲಿ ನಮ್ಮ ಮೀಟಿಂಗ್ ಇತ್ತು, ದೆಹಲಿಯಿಂದ ಅಧಿಕಾರಿ ಬಂದಿದ್ದರು. ‘ಪವರ್ ಬಟನ್ ಒತ್ತಿ ಹಿಡ್ಕೋ. ಬಿಡಬೇಡ. ಬಿಡಬೇಡ ಅಂದೆ! ಬಿಟ್ಯಲ್ಲ!’ ಎಂದು ಕಾರಿಡಾರಿನಲ್ಲಿ ಕೂಗಾಡಿದೆ. ‘ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದ್ದೀನಿ ನಿಂಗೆ?’ ನನ್ನ ಕಣ್ಣು ಆ ಸ್ಕ್ರೂಡ್ರೈವರ್ ಮೇಲೇ ಇತ್ತು. ಅವರಿಗೆ ಅರ್ಥವಾಗದ ಭಾಷೆ ನನ್ನ ಹತ್ತಿರವಿದೆಯಲ್ಲ ಎಂಬ ಧೈರ್ಯದಲ್ಲಿ ಇನ್ನೊಂದು ಮಾತು ಸೇರಿಸಿದೆ: ‘ಆ ಮುದುಕನಿಗೆ ಮುಟ್ಟೋಕೆ ಬಿಡಬೇಡ. ಇರೋದನ್ನೂ ಕೆಡಿಸ್ತಾನೆ. ಶನಿವಾರ ನಾನೇ ಬಂದು ನೋಡ್ತೀನಿ.’ ಆಮೇಲೆ ಮಾಷ್ ಕಡೆ ನೋಡಿ ಮಲಯಾಳಂನಲ್ಲಿ, ಬಹಳ ಉಪಕಾರವಾಯಿತು ಎಂದು ಹೇಳಿ ನಕ್ಕೆ. ಅವರೂ ನಕ್ಕರು.

ಮೀಟಿಂಗಿಗೆ ಫೋನು ಒಯ್ಯುವಂತಿರಲಿಲ್ಲ. ಎರಡು ಗಂಟೆ ಒಳಗೆ ಕೂತು ನಾನು ಕೇಳಿಸಿಕೊಂಡದ್ದು ಅಷ್ಟರಲ್ಲೇ ಇದೆ. ತಲೆಯಲ್ಲಿ ಕಾಕಪ್ಪ, ಕತ್ತಲೆ, ಸುತ್ತುವ ಚುಕ್ಕಿಗಳು. ಆಚೆ ಬಂದು ಫೋನು ನೋಡಿದರೆ ಒಂದು ಫೋಟೊ. ಕಂಪ್ಯೂಟರಿನಲ್ಲಿ ನಮ್ಮ ಮಾಮೂಲು ಪರದೆ ಬಂದಿದೆ, ಅದರ ಪಕ್ಕ ಮಗಳು ಹೆಬ್ಬೆರಳು ಎತ್ತಿ ನಿಂತಿದ್ದಾಳೆ, ಅವಳ ಭುಜದ ಮೇಲೆ ಮಾಷ್ ಕೈ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೊದಲು ಅನಿಸಿದ್ದನ್ನೇ ಬರೆಯುತ್ತೇನೆ: ಅದು ಸರಿಹೋಗದೆ ಶನಿವಾರದವರೆಗೆ ಕೆಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

ಕರೆ ಮಾಡಿದೆ. ‘ಶರಿಯಾಯಿ ಅಪ್ಪಾ’ ಎಂದಳು. ನೀಲಿ ಪರದೆಯೊಂದು ಬಂದು ಕೀ ಕೇಳಿತಂತೆ. ಎಂಟು ಗುಂಪು, ಗುಂಪಿಗೆ ಆರು ಅಂಕಿ ಎಂದು ಮಾಷ್ ಎಣಿಸಿ ಹೇಳಿದರಂತೆ. ಗೋಡೆಯ ಮೇಲಿನ ಅಪ್ಪನ ಯಂತ್ರದಲ್ಲೂ ಎಂಟು ಸಾಲು, ಸಾಲಿಗೆ ಆರು ಇದೆಯಲ್ಲ ಎಂದು ಇವಳಿಗೆ ಹೊಳೆಯಿತಂತೆ.

‘ಮತ್ತೆ ಅದನ್ನ ಓದಿದ್ದು ಯಾರು?’

‘ಮಾಷ್ ವಾಯಿಚ್ಚು’ ಎಂದಳು. ಮಾಷ್ ಓದಿದರು, ಇವಳು ಒತ್ತಿದಳು.

‘ಮಾಷ್‌ಗೆ ಹೇಗೆ ಓದೋಕೆ ಬರುತ್ತೆ?’

ನಗು ಕೇಳಿಸಿತು, ಒಬ್ಬರದಲ್ಲ, ಇಬ್ಬರದು. ಕರೆ ಕಡಿಯಿತು.

ಅವತ್ತು ಮಧ್ಯಾಹ್ನ ಮೆಸ್ಸಿನಲ್ಲಿ ಊಟಕ್ಕೆ ಕೂತು, ಮುದುಕ ಏನೋ ಮಸಲತ್ತು ಮಾಡಿದ್ದಾನೆ, ಎಲ್ಲ ಅಳಿಸಿ ಹೊಸದಾಗಿ ಹಾಕಿ ಮಗುವಿನ ಮುಂದೆ ಹೀರೊ ಆಗಿದ್ದಾನೆ ಎಂದುಕೊಂಡೆ. ಸಂಜೆ ಹೆಂಡತಿಗೆ ಫೋನು ಮಾಡಿ ಫೋಲ್ಡರ್ ಇದೆಯೋ ನೋಡು ಎಂದೆ. ‘ಇದೆ ರೀ. ಎಲ್ಲಾ ಇದೆ. ಒಬ್ರು ಮಂಡಿನೋವು ಇಟ್ಕೊಂಡು ಮೂರು ಮಹಡಿ ಹತ್ತಿ ಸರಿಮಾಡಿ ಕೊಟ್ರೆ, ಥ್ಯಾಂಕ್ಸ್ ಹೇಳೋದು ಬಿಟ್ಟು ಇದೇನ್ರೀ ನಿಮ್ಮ ವಿಚಾರಣೆ?’ ಎಂದಳು. ಫೋಲ್ಡರ್ ಇದೆ ಎಂದ ಮೇಲೂ ಹೊಟ್ಟೆಯುರಿ ತಗ್ಗಲಿಲ್ಲ, ಹೆಚ್ಚಾಯಿತು. ಅಳಿಸಿದ್ದರೆ ಬೈಯಬಹುದಿತ್ತು. ಅದಕ್ಕೂ ಆ ಮನುಷ್ಯ ಅವಕಾಶ ಕೊಟ್ಟಿರಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಮಗಳ ಹುಟ್ಟುಹಬ್ಬಕ್ಕೂ ಹಾಕದವನು ಹೊಟ್ಟೆಕಿಚ್ಚಿಗೆ ಹಾಕಿದೆ. ಮಧ್ಯಾಹ್ನದ ರೈಲು, ಎರ್ನಾಕುಳಂನಿಂದ ಮೆಟ್ರೊ. ಆಲುವ ಕಡೆಗೆ ಹೋಗುವವರ ನೂಕುನುಗ್ಗಲಿನಲ್ಲಿ ಎಡಪ್ಪಳ್ಳಿಯಲ್ಲಿ ಇಳಿದು ಮನೆ ಸೇರಿದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಚಪ್ಪಲಿ ಬಿಟ್ಟವನೇ ಕಂಪ್ಯೂಟರಿನ ಮುಂದೆ ಕೂತೆ. ತಪ್ಪು ಹುಡುಕುವುದೇ ನನ್ನ ಉದ್ದೇಶವಾಗಿತ್ತು. ಅಪ್‌ಡೇಟ್ ಪೂರ್ತಿ ಆಗಿತ್ತು. ಫೋಲ್ಡರ್ ಇತ್ತು. ಎರಡು ವರ್ಷದಿಂದ ಗರಗರ ಎನ್ನುತ್ತಿದ್ದ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು, ಯಾರೋ ಒಳಗಿನ ಧೂಳು ತೆಗೆದಿದ್ದರು. ಯಾರೋ ಏನು, ಅವರೇ. ಕೀಬೋರ್ಡಿನ ಪಕ್ಕ ಒಂದು ಪೆನ್‌ಡ್ರೈವ್ ಇತ್ತು. ಹಾಕಿ ನೋಡಿದರೆ ಆ ಫೋಲ್ಡರಿನ ಪ್ರತಿ, ನಾನು ನಾಲ್ಕು ವರ್ಷ ಮುಂದೂಡಿದ ಕೆಲಸ. ಅದರ ಮೇಲೊಂದು ಚಿಕ್ಕ ಕಾಗದ ಅಂಟಿಸಿ ಸೊಟ್ಟ ಸೊಟ್ಟ ಅಕ್ಷರದಲ್ಲಿ ‘ಮಾತು’ ಎಂದು ಬರೆದಿತ್ತು.

ಕನ್ನಡದಲ್ಲಿ ಬರೆದಿತ್ತು. ತುವಿನ ಕೊಂಬು ಬಾಲದ ಹಾಗೆ ಉದ್ದಕ್ಕೆ ಹೋಗಿತ್ತು. ಮಗಳು ಬರೆದಿದ್ದಾಳೆ! ಕಾಪಿ ಪುಸ್ತಕ ಬಿಸಾಡಿಲ್ಲ, ಗುಟ್ಟಾಗಿ ಕಲಿತಿದ್ದಾಳೆ, ನನಗೋಸ್ಕರ ಬರೆದಿಟ್ಟಿದ್ದಾಳೆ. ಮೂರು ದಿನದ ಉರಿ ಒಂದೇ ಕ್ಷಣದಲ್ಲಿ ಇಳಿಯಿತು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಮೈಸೂರಿನಿಂದ ತಂದಿಟ್ಟಿದ್ದ ಮೈಸೂರ್‌ಪಾಕಿನ ಡಬ್ಬಿ ತೆಗೆದುಕೊಂಡು, ಮಾಷ್‌ಗೆ ದೊಡ್ಡ ಮನಸ್ಸಿನಿಂದ ಥ್ಯಾಂಕ್ಸ್ ಹೇಳಲು ಮೆಟ್ಟಿಲಿಳಿದೆ.

ಅವರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ಹುಡುಗಿಯ ದನಿ ಬರುತ್ತಿತ್ತು.

‘ಎಷ್ಟು ಸಲ ಹೇಳಿದೆ ಮಾಷ್? ಅದು ಹಾಗಲ್ಲ. ಮೊದಲು ಸೊನ್ನೆ ಬರೀಬೇಕು, ಆಮೇಲೆ ತಲೆಕಟ್ಟು. ನೀವು ಕೇಳೋದೇ ಇಲ್ಲ. ನಿನ್ನೆ ಹೋಂವರ್ಕ್ ಯಾಕೆ ಮಾಡಿಲ್ಲ?’

‘ನಿನ್ನೆ... ಮಂಡಿ... ನೋವು ಬಂದರು’ ಎಂದಿತು ಮಾಷ್ ದನಿ.

‘ಮಂಡಿ ನೋವು ಬಂದರು ಅಲ್ಲ! ಬಂತು!’ ಹುಡುಗಿ ಬಿದ್ದು ಬಿದ್ದು ನಕ್ಕಳು. ಮಾಷ್ ಅವಳಿಗಿಂತ ಜೋರಾಗಿ ನಕ್ಕರು.

ನಾನು ಮೈಸೂರ್‌ಪಾಕು ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅದು ನನ್ನ ಮಗಳ ಕನ್ನಡ. ಅಲ್ಲಲ್ಲಿ ಎಡವುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬೈಯುತ್ತಿತ್ತು, ನಗುತ್ತಿತ್ತು, ಕಾರಣ ಕೇಳುತ್ತಿತ್ತು. ನಾಲ್ಕು ವರ್ಷದಿಂದ ನಾನು ಕಾದದ್ದು ಇದಕ್ಕೆ. ಇದು ಪ್ರತಿ ಸಂಜೆ, ನಾನಿಲ್ಲದ ಐದೂ ದಿನ, ನನ್ನ ಮನೆಯ ಕೆಳಗೆ ನಡೆದಿತ್ತು. ಆ ಹೊತ್ತಿನಲ್ಲಿ ನಾನು ಮಾಷ್ ಆಗಿರಬೇಕಿತ್ತು ಎನ್ನಿಸಿತು. ಅವರ ಮಂಡಿನೋವು ಸಮೇತ.

ಬಾಗಿಲು ತಳ್ಳಿದೆ. ಮಗಳು ನನ್ನನ್ನು ನೋಡಿದ್ದೇ ಬಾಯಿ ಮುಚ್ಚಿದಳು. ಆಮೇಲೆ, ‘ಟೀಚರೇ, ಅಪ್ಪ ವನ್ನು’ ಎಂದು ಒಳಗೆ ಕೂಗಿದಳು.

ಮೇಜಿನ ಮೇಲೆ ನಾನು ತಂದುಕೊಟ್ಟಿದ್ದ ಕಾಪಿ ಪುಸ್ತಕವಿತ್ತು. ಪುಟ ತುಂಬ ಮಾಷ್ ಅವರ ಸೊಟ್ಟ ಅಕ್ಷರ, ಅದರ ಮೇಲೆಲ್ಲ ಮಗಳ ಕೆಂಪು ಶಾಯಿ, ಒಂದು ಕಡೆ ಹತ್ತಕ್ಕೆ ನಾಲ್ಕು. ‘ಮಾತು’ ಎಂದು ಒಂದು ಸಾಲು ಪೂರ್ತಿ ಬರೆದಿತ್ತು, ತುವಿನ ಕೊಂಬು ಬಾಲದ ಹಾಗೆ ಉದ್ದ. ನನ್ನ ಕೈ ತಾನಾಗಿ ಜೇಬಿನ ಪೆನ್‌ಡ್ರೈವನ್ನು ಮುಟ್ಟಿಕೊಂಡಿತು. ಬರೆದದ್ದು ಅವಳಲ್ಲ.

ಬಹಳ ಕಟ್ಟುನಿಟ್ಟಿನ ಟೀಚರ್ ಇವಳು, ಅಂಕಿ ಕಲಿಸಿದ್ದು ಒಳ್ಳೆಯದೇ ಆಯಿತು ನೋಡಿ ಎಂದು ಮಾಷ್ ಮಲಯಾಳಂನಲ್ಲಿ ಹೇಳುತ್ತಾ ಪುಟ ತಿರುವಿದರು. ಕೊನೆಯ ಪುಟದಲ್ಲಿ ಈ ವಾರದ ಹೊಸ ಪದಗಳಿದ್ದವು. ಬುಧವಾರದ್ದು ಒಂದೇ ಪದ, ಹತ್ತು ಸಲ ಬರೆದದ್ದು: ಮುದುಕ.

ಅವರು ಕಣ್ಣೆತ್ತಿ ನನ್ನನ್ನು ನೋಡಿದರು. ‘ಇದರ ಅರ್ಥ ಮಗುವನ್ನು ಕೇಳಿದೆ’ ಎಂದರು. ಅವರ ಕಣ್ಣಿನಲ್ಲಿ ತುಂಟತನವಿತ್ತು, ಅದಕ್ಕಿಂತ ಕೋಪವಿದ್ದರೆ ನನಗೆ ಸುಲಭವಾಗುತ್ತಿತ್ತು. ಕ್ಷಮಿಸಿ ಎನ್ನಲು ಯಾವ ಭಾಷೆ ಬಳಸಬೇಕೆಂದು ತಿಳಿಯಲಿಲ್ಲ. ಕೊನೆಗೆ ಕನ್ನಡದಲ್ಲೇ, ‘ತಪ್ಪಾಯ್ತು ಮಾಷ್’ ಎಂದೆ. ‘ತಪ್ಪಾಯ್ತು’ ಎಂದು ಅವರು ಸಂತೋಷದಿಂದ ತಿರುಗಿ ಹೇಳಿ ಪೆನ್ಸಿಲ್ ಹುಡುಕಿದರು. ಅವರಿಗೆ ಅದೂ ಹೊಸ ಪದ.

ಮೆಟ್ಟಿಲು ಹತ್ತುವಾಗ ಮಗಳನ್ನು ಕೇಳಿದೆ. ನನ್ನ ದನಿಯಲ್ಲಿ ಜಗಳವಿತ್ತು. ‘ಅವರ ಹತ್ರ ಅಷ್ಟು ಚೆನ್ನಾಗಿ ಮಾತಾಡ್ತೀಯ. ನನ್ನ ಹತ್ರ ಯಾಕಿಲ್ಲ?’

ಅವಳು ಎರಡು ಮೆಟ್ಟಿಲು ಹತ್ತಿದಳು. ಆಮೇಲೆ ಮಲಯಾಳಂನಲ್ಲಿ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಮಾಷ್ ತಪ್ಪು ಮಾಡುತ್ತಾರೆ, ನಾನು ತಿದ್ದುತ್ತೇನೆ. ನಿಮ್ಮ ಹತ್ತಿರವಾದರೆ ನಾನು ತಪ್ಪು ಮಾಡುತ್ತೇನೆ, ನೀವು ಎಲ್ಲರಿಗೂ ಫೋನು ಮಾಡುತ್ತೀರಿ.

ಆ ಶನಿವಾರವಿಡೀ ನಾನು ಯಾರ ಮಾತನ್ನೂ ತಿದ್ದಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಹೆಂಡತಿ ಎರಡು ಸಲ ಕೇಳಿದಳು.

ಭಾನುವಾರ ಬೆಳಿಗ್ಗೆ, ಬ್ಯಾಗು ತುಂಬುವ ಮೊದಲು ಕಂಪ್ಯೂಟರ್ ಹಾಕಿದರೆ ಮೂಲೆಯಲ್ಲಿ ಮತ್ತೆ ಸೂಚನೆ ಬಂತು. ಇನ್ನೊಂದು ಚಿಕ್ಕ ಅಪ್‌ಡೇಟ್ ಬಾಕಿಯಿದೆ, ಈಗ ಮಾಡಲೇ? ಬೆರಳು ಮೌಸಿನ ಮೇಲಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಕೈ ತೆಗೆದು ಮಗಳನ್ನು ಕರೆದೆ.

‘ಇದೇನು ಕೇಳ್ತಿದೆ ನೋಡು. ನಾನೇನು ಮಾಡ್ಲಿ?’

ಅವಳು ಅನುಮಾನದಿಂದ ನೋಡಿದಳು. ಅಪ್ಪನಿಗೆ ಗೊತ್ತಲ್ಲ ಎಂದಳು, ಮಲಯಾಳಂನಲ್ಲೇ.

‘ಹೋದ ಸಲ ಕೆಟ್ಟಾಗ ಸರಿಮಾಡಿದ್ದು ನಾನಲ್ಲ. ನೀನು’ ಎಂದೆ. ‘ನಾನು ಬರೀ ಕೂಗಾಡಿದೆ.’

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಗೋಡೆಯ ಮೇಲಿನ ಚೀಟಿ ಇದೆಯೇ ಎಂದು ನೋಡಿದಳು. ವಯರು ಸರಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಒತ್ತಿ’ ಎಂದಳು. ಒತ್ತಿದೆ. ‘ಅಲ್ಲಿ ಅಲ್ಲ ಅಪ್ಪ, ಕೆಳಗೆ. ಹಾಂ. ಈಗ ಕೈ ತೆಗೀರಿ. ಅದು ನೂರು ಬರೋವರೆಗೆ ಯಾರೂ ಮುಟ್ಟಬಾರದು.’

ಕೈ ತೆಗೆದೆ. ಹತ್ತು, ಇಪ್ಪತ್ತೈದು, ನಲವತ್ತು. ಅರವತ್ತೇಳಕ್ಕೆ ಬಂದು ನಿಂತಿತು. ನಾನು ಗೋಡೆಯ ಚೀಟಿಯ ಕಡೆ ನೋಡಿದೆ. ಅವಳು ನನ್ನ ಮೊಣಕೈ ತಟ್ಟಿದಳು.

‘ಹೆದರಬೇಡಿ ಅಪ್ಪ’ ಎಂದಳು. ‘ಅವತ್ತು ಮಾಷ್ ಕೂಡ ಹೀಗೇ ಹೆದರಿತು.’

ಆ ಮಾತಿನಲ್ಲಿ ಒಂದು ತಪ್ಪು ಇತ್ತು, ಮಾಷ್ ಕೂಡ ಇದ್ದರು. ಎರಡನ್ನೂ ನುಂಗಿಕೊಂಡು ನಾನು ಅರವತ್ತೆಂಟು ಆಗುವುದನ್ನೇ ಕಾಯುತ್ತಾ ಕೂತೆ.